ಹೃದಯ ಚಿಕಿತ್ಸೆಯ ನಂತರ ಸೈಕಲ್ ಇಂಟರ್ವಲ್: ವ್ಯಾಟ್ ನೋಡಿ ಹದ ಹಿಡಿಯುವುದು ಹೇಗೆ?

ಆಂಜಿಯೋಪ್ಲಾಸ್ಟಿ ಅಥವಾ ಬೈಪಾಸ್ ಆಗಿ ಕೆಲವು ತಿಂಗಳು ಕಳೆದಿವೆ. ನಡಿಗೆ ಸರಾಗವಾಗಿದೆ. ಈಗ ಕಾರ್ಡಿಯಾಕ್ ರಿಹ್ಯಾಬ್ ವಿಭಾಗದಲ್ಲಿ ಫಿಸಿಯೋಥೆರಪಿಸ್ಟ್ ನಿಮ್ಮ ಕೈಗೆ ಹೊಸ ಚೀಟಿ ಕೊಟ್ಟಿದ್ದಾರೆ: ‘ಸೈಕಲ್ ಮೇಲೆ ನಾಲ್ಕು ನಿಮಿಷ ಜೋರಾಗಿ, ಮೂರು ನಿಮಿಷ ನಿಧಾನವಾಗಿ, ಹೀಗೆ ನಾಲ್ಕು ಸಲ.’ ಇದಕ್ಕೆ ಇಂಟರ್ವಲ್ ವ್ಯಾಯಾಮ ಎನ್ನುತ್ತಾರೆ. ಚೀಟಿ ಓದಲು ಸುಲಭ. ಆದರೆ ಸೈಕಲ್ ಏರಿದ ಕೂಡಲೇ ಒಂದು ಪ್ರಶ್ನೆ ಏಳುತ್ತದೆ: ‘ಜೋರಾಗಿ’ ಎಂದರೆ ಎಷ್ಟು ಜೋರು?

ಹೆಚ್ಚಿನವರು ಇದಕ್ಕೆ ಉತ್ತರವನ್ನು ಕೈಗಡಿಯಾರದ ನಾಡಿಮಿಡಿತದಲ್ಲಿ ಹುಡುಕುತ್ತಾರೆ. ಇನ್ನು ಕೆಲವರು ಮೊದಲ ಸುತ್ತಿನಲ್ಲೇ ಮೈಯಲ್ಲಿರುವ ಬಲವನ್ನೆಲ್ಲ ಹಾಕಿ, ಮೂರನೆಯ ಸುತ್ತಿಗೆ ಸುಸ್ತಾಗಿ ಇಳಿಯುತ್ತಾರೆ. ಎರಡೂ ದಾರಿಗಳಲ್ಲಿ ತೊಂದರೆಯಿದೆ. ವಿಶೇಷವಾಗಿ ಬೀಟಾ ಬ್ಲಾಕರ್ ಮಾತ್ರೆ ತೆಗೆದುಕೊಳ್ಳುವವರಿಗೆ ನಾಡಿಮಿಡಿತದ ಸಾಮಾನ್ಯ ಸೂತ್ರಗಳು ಅನ್ವಯಿಸುವುದೇ ಇಲ್ಲ. ಜಿಮ್ ಸೈಕಲ್ಲಿನ ಪರದೆಯ ಮೇಲೆ ಕಾಣುವ, ನಾವು ಅಷ್ಟಾಗಿ ಗಮನಿಸದ ಇನ್ನೊಂದು ಸಂಖ್ಯೆ ಇಲ್ಲಿ ಹೆಚ್ಚು ಉಪಯುಕ್ತ. ಅದೇ ವ್ಯಾಟ್. ಅದನ್ನು ಬಳಸಿ ನಾಲ್ಕೂ ಸುತ್ತುಗಳನ್ನು ಒಂದೇ ಹದದಲ್ಲಿ ಮುಗಿಸುವುದು ಹೇಗೆ ಎಂಬುದು ಈ ಲೇಖನದ ವಿಷಯ.

ಮೊದಲು: ಇದು ಯಾರಿಗೆ, ಯಾರಿಗಲ್ಲ?

ಇದು ಹೃದ್ರೋಗ ತಜ್ಞರು ವ್ಯಾಯಾಮ ಪರೀಕ್ಷೆ ಮಾಡಿಸಿ, ‘ಜೋರಿನ ವ್ಯಾಯಾಮ ಮಾಡಬಹುದು’ ಎಂದು ಒಪ್ಪಿಗೆ ಕೊಟ್ಟವರಿಗಾಗಿ ಬರೆದದ್ದು. ವಿಶ್ರಾಂತಿಯಲ್ಲೂ ಎದೆನೋವು ಬರುವವರು, ಹೃದಯ ವೈಫಲ್ಯ ಹತೋಟಿಗೆ ಬರದೆ ಕಾಲು ಊದಿಕೊಂಡು ಮಲಗಿದಾಗ ಉಸಿರು ಕಟ್ಟುವವರು, ಅಯೋರ್ಟಿಕ್ ಕವಾಟ ತೀವ್ರವಾಗಿ ಕಿರಿದಾಗಿರುವವರು, ಹೃದಯದ ಲಯ ಹತೋಟಿಯಲ್ಲಿಲ್ಲದವರು, ವಿಶ್ರಾಂತಿಯಲ್ಲೇ ರಕ್ತದೊತ್ತಡ 180/110 ದಾಟಿರುವವರು ಇಂಟರ್ವಲ್ ಮಾಡಬಾರದು. ಜ್ವರ ಇದ್ದ ದಿನವೂ ಬೇಡ. ಬೈಪಾಸ್ ಆದವರು ಎದೆಮೂಳೆ ಪೂರ್ತಿ ಕೂಡಿಕೊಂಡಿದೆ ಎಂದು ಸರ್ಜನ್ ಹೇಳುವವರೆಗೆ ಕಾಯಬೇಕು.

ವ್ಯಾಟ್ ಎಂದರೆ ಏನು?

ಶಾಲೆಯ ವಿಜ್ಞಾನ ಪುಸ್ತಕದಲ್ಲಿ ‘ಶಕ್ತಿ’ ಬೇರೆ, ‘ಸಾಮರ್ಥ್ಯ’ ಬೇರೆ ಎಂದು ಓದಿದ್ದು ನೆನಪಿರಬಹುದು. ಎಷ್ಟು ಕೆಲಸ ಮಾಡಿದಿರಿ ಎಂಬುದನ್ನು ಶಕ್ತಿ ಹೇಳುತ್ತದೆ. ಎಷ್ಟು ಬೇಗ ಮಾಡುತ್ತಿದ್ದೀರಿ ಎಂಬುದನ್ನು ಸಾಮರ್ಥ್ಯ ಹೇಳುತ್ತದೆ. ಶಕ್ತಿಯ ಅಳತೆ ಜೂಲ್, ಸಾಮರ್ಥ್ಯದ ಅಳತೆ ವ್ಯಾಟ್. ಒಂದು ಸೆಕೆಂಡಿಗೆ ಒಂದು ಜೂಲ್ ಕೆಲಸವಾದರೆ ಅದು ಒಂದು ವ್ಯಾಟ್.

ಮನೆಯ ಹಳೆಯ ಮಾದರಿಯ ಸೀಲಿಂಗ್ ಫ್ಯಾನ್ ಸುಮಾರು 75 ವ್ಯಾಟ್ ವಿದ್ಯುತ್ ಬಳಸುತ್ತದೆ. ಸೈಕಲ್ ಪರದೆ 75 ವ್ಯಾಟ್ ತೋರಿಸಿದರೆ, ನಿಮ್ಮ ಕಾಲುಗಳು ಆ ಕ್ಷಣದಲ್ಲಿ ಹೆಚ್ಚುಕಡಿಮೆ ಅಷ್ಟೇ ದರದಲ್ಲಿ ಕೆಲಸ ಮಾಡುತ್ತಿವೆ ಎಂದರ್ಥ. ಪೆಡಲ್ ಮೇಲೆ ಒತ್ತುವ ಬಲ ಮತ್ತು ಪೆಡಲ್ ತಿರುಗುವ ವೇಗ, ಇವೆರಡೂ ಸೇರಿ ಈ ಸಂಖ್ಯೆಯಾಗುತ್ತದೆ.

ಜರ್ಮನಿಯ ಎಂಜಿನಿಯರ್ ಉಲ್ರಿಚ್ ಶೋಬರರ್ 1980ರ ದಶಕದಲ್ಲಿ ಓಡುವ ಸೈಕಲ್ಲಿನಲ್ಲೇ ವ್ಯಾಟ್ ಅಳೆಯುವ ಮೀಟರ್ ತಯಾರಿಸಿದ ಮೇಲೆ ಸ್ಪರ್ಧಾಳುಗಳ ತರಬೇತಿಯ ರೀತಿಯೇ ಬದಲಾಯಿತು. ಆಸ್ಪತ್ರೆಯ ಪರೀಕ್ಷಾ ಕೊಠಡಿಯ ಸೈಕಲ್ ಎರ್ಗೋಮೀಟರ್‌ಗಳಲ್ಲಿ ವ್ಯಾಟ್ ಲೆಕ್ಕ ಅದಕ್ಕಿಂತ ಹಳೆಯದು. ಇಂದು ಅಪಾರ್ಟ್‌ಮೆಂಟಿನ ಜಿಮ್ಮಿನಲ್ಲಿರುವ ಎಷ್ಟೋ ಸೈಕಲ್‌ಗಳೂ ಈ ಸಂಖ್ಯೆಯನ್ನು ತೋರಿಸುತ್ತವೆ.

ನಾಡಿಮಿಡಿತ ಒಂದೇ ಏಕೆ ಸಾಲದು?

ಮೊದಲ ಕಾರಣ, ನಾಡಿಮಿಡಿತ ತಡವಾಗಿ ಏರುತ್ತದೆ. ನೀವು ಜೋರು ಸುತ್ತು ಶುರುಮಾಡಿದ ಕ್ಷಣವೇ ಕಾಲಿನ ಸ್ನಾಯುಗಳ ಕೆಲಸ ಹೆಚ್ಚುತ್ತದೆ. ಆದರೆ ಹೃದಯ ಮತ್ತು ಶ್ವಾಸಕೋಶ ಆ ಮಟ್ಟಕ್ಕೆ ಬರಲು ಒಂದೆರಡು ನಿಮಿಷ ಬೇಕು. ಹೃದ್ರೋಗಿಗಳಲ್ಲಿ ಇದು ಇನ್ನೂ ನಿಧಾನ. ಮೊದಲ ನಿಮಿಷದಲ್ಲಿ ಗಡಿಯಾರ ಕಡಿಮೆ ಸಂಖ್ಯೆ ತೋರಿಸುತ್ತದೆ. ‘ಇನ್ನೂ ಸಾಲದು’ ಎಂದು ನೀವು ಇನ್ನಷ್ಟು ತುಳಿಯುತ್ತೀರಿ. ಮೂರನೆಯ ನಿಮಿಷಕ್ಕೆ ಹೃದಯ ಆ ಮಟ್ಟಕ್ಕೆ ಬರುವ ವೇಳೆಗೆ ನೀವು ಮಿತಿ ದಾಟಿರುತ್ತೀರಿ. ವ್ಯಾಟ್ ಸಂಖ್ಯೆಯಲ್ಲಿ ಈ ವಿಳಂಬವಿಲ್ಲ. ಈ ಕ್ಷಣ ಎಷ್ಟು ತುಳಿಯುತ್ತಿದ್ದೀರೋ ಅದನ್ನು ಈ ಕ್ಷಣವೇ ಹೇಳುತ್ತದೆ.

ಎರಡನೆಯ ಕಾರಣ, ಮಾತ್ರೆಗಳು. ಮೆಟೊಪ್ರೊಲಾಲ್, ಬಿಸೊಪ್ರೊಲಾಲ್, ಕಾರ್ವೆಡಿಲಾಲ್, ಅಟೆನೊಲಾಲ್‌ನಂಥ ಬೀಟಾ ಬ್ಲಾಕರ್‌ಗಳು ಹೃದಯದ ಮೇಲೆ ಅಡ್ರಿನಲಿನ್ ಪ್ರಭಾವವನ್ನು ತಗ್ಗಿಸುತ್ತವೆ. ವಿಶ್ರಾಂತಿಯ ನಾಡಿಮಿಡಿತ ಇಳಿಯುವಂತೆಯೇ ಗರಿಷ್ಠ ನಾಡಿಮಿಡಿತವೂ ಇಳಿಯುತ್ತದೆ. ಐವಾಬ್ರಡಿನ್, ಡಿಲ್ಟಿಯಜೆಮ್, ವೆರಾಪಮಿಲ್ ಕೂಡ ನಾಡಿಮಿಡಿತ ತಗ್ಗಿಸುವ ಔಷಧಿಗಳೇ.

ಒಂದು ಉದಾಹರಣೆ ಇಟ್ಟುಕೊಳ್ಳೋಣ. 58 ವರ್ಷದ ಒಬ್ಬರು ಮೆಟೊಪ್ರೊಲಾಲ್ ತೆಗೆದುಕೊಳ್ಳುತ್ತಿದ್ದಾರೆ. ‘220ರಲ್ಲಿ ವಯಸ್ಸು ಕಳೆಯಿರಿ’ ಎಂಬ ಜಿಮ್ ಗೋಡೆಯ ಸೂತ್ರದಂತೆ ಅವರ ಗರಿಷ್ಠ 162, ಅದರ ಶೇ. 90 ಎಂದರೆ ಸುಮಾರು 146. ಆದರೆ ಮಾತ್ರೆ ತೆಗೆದುಕೊಂಡೇ ಮಾಡಿದ ಪರೀಕ್ಷೆಯಲ್ಲಿ ಅವರ ನಾಡಿಮಿಡಿತ 122ಕ್ಕಿಂತ ಮೇಲೆ ಏರಲಿಲ್ಲ. ಅವರ ನಿಜವಾದ ಶೇ. 90 ಎಂದರೆ 110. ಗೋಡೆಯ ಸೂತ್ರ ನಂಬಿ 146ನ್ನು ಬೆನ್ನಟ್ಟಿದರೆ ಅದು ಎಂದೂ ಸಿಗುವುದಿಲ್ಲ. ಸಿಗಲಿಲ್ಲವೆಂದು ತುಳಿಯುತ್ತಲೇ ಹೋದರೆ ಅಪಾಯ. ಹೃತ್ಕರ್ಣದ ಲಯ ತಪ್ಪುವ ಏಟ್ರಿಯಲ್ ಫೈಬ್ರಿಲೇಶನ್ ಇದ್ದವರಲ್ಲಿ ಮತ್ತು ಪೇಸ್‌ಮೇಕರ್ ಇದ್ದವರಲ್ಲಿ ಕೈಗಡಿಯಾರದ ಸಂಖ್ಯೆ ಇನ್ನಷ್ಟು ದಾರಿ ತಪ್ಪಿಸಬಹುದು.

ಮೂರನೆಯ ಕಾರಣ, ಹವೆ. ಚೆನ್ನೈನ ಮೇ ತಿಂಗಳಿನಲ್ಲಿ, ಮುಂಬೈನ ಮಳೆಗಾಲದ ಸೆಕೆಯಲ್ಲಿ ಅದೇ ಕೆಲಸಕ್ಕೆ ನಾಡಿಮಿಡಿತ ಹೆಚ್ಚು ಏರುತ್ತದೆ. ದೇಹವನ್ನು ತಂಪಾಗಿಡಲು ಚರ್ಮಕ್ಕೂ ರಕ್ತ ಹರಿಯಬೇಕು. ಬೆವರಿನಿಂದ ರಕ್ತದ ನೀರಿನಂಶವೂ ತಗ್ಗುತ್ತದೆ. ನಿದ್ದೆಗೆಟ್ಟರೆ, ಕಾಫಿ ಹೆಚ್ಚಾದರೆ, ಮನಸ್ಸಿಗೆ ಆತಂಕವಾದರೆ ಕೂಡ ನಾಡಿಮಿಡಿತ ಬದಲಾಗುತ್ತದೆ.

ಇದರರ್ಥ ನಾಡಿಮಿಡಿತ ನೋಡಲೇಬಾರದು ಎಂದಲ್ಲ. ವೈದ್ಯರು ಕೊಟ್ಟ ಮೇಲಿನ ಮಿತಿಯನ್ನು ದಾಟಬಾರದು. ಆದರೆ ಸುತ್ತಿನ ಹದ ಹಿಡಿಯುವ ಕೆಲಸಕ್ಕೆ ವ್ಯಾಟ್ ಹೆಚ್ಚು ಸೂಕ್ತ.

ನಲ್ಲಿ ನೀರು ಮತ್ತು ಡ್ರಮ್ಮಿನ ನೀರು

ಮೊದಲ ಸುತ್ತಿನಲ್ಲಿ ಹೆಚ್ಚು ತುಳಿದರೆ ಕೊನೆಯ ಸುತ್ತು ಏಕೆ ಹಾಳಾಗುತ್ತದೆ? ಮನೆಯ ನೀರಿನ ಲೆಕ್ಕದಿಂದ ಇದನ್ನು ಅರ್ಥಮಾಡಿಕೊಳ್ಳಬಹುದು.

ನಲ್ಲಿಯಲ್ಲಿ ಸಣ್ಣಗೆ ನೀರು ಬರುತ್ತಲೇ ಇದೆ. ಪಕ್ಕದಲ್ಲಿ ತುಂಬಿಟ್ಟ ಡ್ರಮ್ಮಿದೆ. ನಲ್ಲಿಯಲ್ಲಿ ಬರುವಷ್ಟೇ ಬಳಸಿದರೆ ಡ್ರಮ್ಮು ಮುಟ್ಟುವ ಅಗತ್ಯವೇ ಇಲ್ಲ. ಹೆಚ್ಚು ಬಳಸಿದರೆ ಆ ಹೆಚ್ಚಿನ ಭಾಗ ಡ್ರಮ್ಮಿನಿಂದ ಹೋಗುತ್ತದೆ. ಬಳಕೆ ತಗ್ಗಿಸಿದಾಗ ನಲ್ಲಿಯ ನೀರು ಉಳಿದು ಡ್ರಮ್ಮು ಮತ್ತೆ ನಿಧಾನವಾಗಿ ತುಂಬುತ್ತದೆ. ಡ್ರಮ್ಮು ಬರಿದಾದರೆ ಮಾತ್ರ ಎಷ್ಟೇ ಅವಸರವಿದ್ದರೂ ನಲ್ಲಿಯ ವೇಗಕ್ಕೆ, ಅದಕ್ಕಿಂತಲೂ ಕೆಳಕ್ಕೆ ಇಳಿಯಲೇಬೇಕು.

ದೇಹದಲ್ಲಿ ನಲ್ಲಿ ಎಂದರೆ ಆಮ್ಲಜನಕ ಬಳಸಿ ಸ್ಥಿರವಾಗಿ ಮಾಡಬಲ್ಲ ಕೆಲಸದ ದರ. ವ್ಯಾಯಾಮ ಶಾಸ್ತ್ರದಲ್ಲಿ ಇದಕ್ಕೆ ಕ್ರಿಟಿಕಲ್ ಪವರ್ ಎನ್ನುತ್ತಾರೆ. ಫ್ರಾನ್ಸಿನ ಮೊನೋ ಮತ್ತು ಶೆರೆರ್ 1965ರಲ್ಲಿ ಈ ಕಲ್ಪನೆಯನ್ನು ಮುಂದಿಟ್ಟರು. ಡ್ರಮ್ಮು ಎಂದರೆ ಆ ಗೆರೆಯ ಮೇಲೆ ಖರ್ಚು ಮಾಡಬಹುದಾದ ಸೀಮಿತ ದಾಸ್ತಾನು. ಇಂಟರ್ವಲ್ ಎಂದರೆ ಗೆರೆಯ ಮೇಲೆ ಸ್ವಲ್ಪ ಹೊತ್ತು, ಗೆರೆಯ ಕೆಳಗೆ ಸ್ವಲ್ಪ ಹೊತ್ತು.

ನಮ್ಮ 58 ವರ್ಷದವರನ್ನೇ ತೆಗೆದುಕೊಳ್ಳೋಣ. ಸೈಕಲ್ ಪರೀಕ್ಷೆಯಲ್ಲಿ ನಿಮಿಷಕ್ಕೆ 10 ವ್ಯಾಟ್‌ನಂತೆ ಏರಿಸುತ್ತಾ ಹೋದಾಗ ಅವರು 120 ವ್ಯಾಟ್‌ನಲ್ಲಿ ನಿಂತರು. ಅವರ ನಲ್ಲಿಯ ದರ 80 ವ್ಯಾಟ್, ಡ್ರಮ್ಮಿನ ದಾಸ್ತಾನು 4800 ಜೂಲ್ ಎಂದಿಟ್ಟುಕೊಳ್ಳೋಣ. ಇವು ಉದಾಹರಣೆಯ ಸಂಖ್ಯೆಗಳು. ನಿಮ್ಮವು ಬೇರೆಯೇ ಇರುತ್ತವೆ.

ಅವರು 90 ವ್ಯಾಟ್‌ನಲ್ಲಿ ನಾಲ್ಕು ನಿಮಿಷ ತುಳಿದರೆ ಗೆರೆಗಿಂತ 10 ವ್ಯಾಟ್ ಹೆಚ್ಚು. 10 ವ್ಯಾಟ್ × 240 ಸೆಕೆಂಡ್ = 2400 ಜೂಲ್. ಡ್ರಮ್ಮಿನ ಅರ್ಧ ಮಾತ್ರ ಖಾಲಿ. ಬಿಡುವಿನಲ್ಲಿ 40 ವ್ಯಾಟ್‌ಗೆ ಇಳಿದಾಗ ಅದರ ಒಳ್ಳೆಯ ಭಾಗ ಮತ್ತೆ ತುಂಬಿಕೊಳ್ಳುತ್ತದೆ. ಎರಡನೆಯ, ಮೂರನೆಯ, ನಾಲ್ಕನೆಯ ಸುತ್ತೂ ಸಾಧ್ಯ.

ಅವರೇ ಉತ್ಸಾಹದಲ್ಲಿ 115 ವ್ಯಾಟ್‌ನಿಂದ ಶುರುಮಾಡಿದರೆ ಗೆರೆಗಿಂತ 35 ವ್ಯಾಟ್ ಹೆಚ್ಚು. 4800 ಜೂಲ್ ದಾಸ್ತಾನು 137 ಸೆಕೆಂಡಿನಲ್ಲಿ, ಅಂದರೆ ಸುಮಾರು ಎರಡೂಕಾಲು ನಿಮಿಷದಲ್ಲಿ ಮುಗಿಯುತ್ತದೆ. ಇನ್ನೂ ಒಂದೂಮುಕ್ಕಾಲು ನಿಮಿಷ ಉಳಿದಿರುವಾಗಲೇ ಕಾಲು ಸೋಲುತ್ತದೆ, ಉಸಿರು ಕಟ್ಟುತ್ತದೆ. ವಿಚಿತ್ರವೆಂದರೆ ಮೊದಲ ನಿಮಿಷದಲ್ಲಿ 115 ಅವರಿಗೆ ಕಷ್ಟ ಅನ್ನಿಸಿರುವುದೇ ಇಲ್ಲ. ಡ್ರಮ್ಮು ತುಂಬಿರುವಾಗ ನೀರಿನ ಬೆಲೆ ತಿಳಿಯುವುದಿಲ್ಲ.

ನಾಲ್ಕು ಸುತ್ತಿನ ಎರಡು ರೀತಿ

ಇಬ್ಬರು ಒಂದೇ ಸಾಮರ್ಥ್ಯದವರು ಎನ್ನೋಣ. ಮೊದಲನೆಯವರ ನಾಲ್ಕು ಸುತ್ತು: 90, 90, 90, 90 ವ್ಯಾಟ್. ಎರಡನೆಯವರದು: 100, 90, 75, 65.

ಮೊದಲನೆಯವರು ಹದಿನಾರು ನಿಮಿಷವೂ 80 ವ್ಯಾಟ್‌ನ ಗೆರೆಯ ಮೇಲಿದ್ದರು. ಎರಡನೆಯವರು ಎಂಟು ನಿಮಿಷ ಮಾತ್ರ ಮೇಲಿದ್ದರು. ಕೊನೆಯ ಎರಡು ಸುತ್ತು ಹೆಸರಿಗೆ ಜೋರು, ಕೆಲಸದಲ್ಲಿ ಸಾಧಾರಣ. ಒಟ್ಟು ಕೆಲಸದ ಲೆಕ್ಕದಲ್ಲೂ ಮೊದಲನೆಯವರದು 86,400 ಜೂಲ್, ಎರಡನೆಯವರದು 79,200. ಆದರೂ ಮನೆಗೆ ಹೋಗುವಾಗ ‘ಇವತ್ತು ಪ್ರಾಣವೇ ಹೋಯಿತು’ ಎನ್ನುವವರು ಎರಡನೆಯವರೇ. ಸುಸ್ತಾಗುವುದೇ ವ್ಯಾಯಾಮದ ಅಳತೆ ಅಲ್ಲ.

ಹೃದ್ರೋಗಿಗಳಿಗೆ ಇದು ಫಲದ ಮಾತಷ್ಟೇ ಅಲ್ಲ, ಸುರಕ್ಷತೆಯ ಮಾತೂ ಹೌದು. ಮೈ ಇನ್ನೂ ಪೂರ್ತಿ ಬಿಸಿಯಾಗದ ಮೊದಲ ಸುತ್ತಿನಲ್ಲೇ ಪರೀಕ್ಷೆಯ ಗರಿಷ್ಠದ ಹತ್ತಿರ ಹೋಗುವುದು ಹೃದಯದ ಮೇಲೆ ಒಮ್ಮೆಲೇ ಭಾರ ಹೇರಿದಂತೆ. ಆದ್ದರಿಂದ ಒಂದು ಸರಳ ನಿಯಮ ಇಟ್ಟುಕೊಳ್ಳಿ: ಮೊದಲ ಸುತ್ತು ‘ಇಷ್ಟೇನಾ?’ ಅನ್ನಿಸಬೇಕು, ನಾಲ್ಕನೆಯ ಸುತ್ತು ಅದೇ ವ್ಯಾಟ್‌ನಲ್ಲಿ ‘ಇನ್ನೊಂದು ಬೇಡ’ ಅನ್ನಿಸಬೇಕು.

ಒಂದು ದಿನದ ಅಭ್ಯಾಸ ಹೀಗಿರಬಹುದು

120 ವ್ಯಾಟ್ ಗರಿಷ್ಠವಿರುವ ಅದೇ ಉದಾಹರಣೆಯನ್ನು ಮುಂದುವರಿಸೋಣ. ನಿಮ್ಮ ಸಂಖ್ಯೆಗಳನ್ನು ನಿಮ್ಮ ವೈದ್ಯರು ಅಥವಾ ಫಿಸಿಯೋಥೆರಪಿಸ್ಟ್ ನಿಗದಿ ಮಾಡಬೇಕು.

• ಮೈ ಬಿಸಿ ಮಾಡಿಕೊಳ್ಳುವುದು: 10 ನಿಮಿಷ. 30 ವ್ಯಾಟ್‌ನಿಂದ ಶುರುಮಾಡಿ ನಿಧಾನವಾಗಿ 60ರವರೆಗೆ.

• ಜೋರು ಸುತ್ತು: 4 ನಿಮಿಷ, 90 ವ್ಯಾಟ್. ಒಮ್ಮೆಲೇ ಹಾರಬೇಡಿ, ಮೊದಲ 20–30 ಸೆಕೆಂಡಿನಲ್ಲಿ ಏರಿಸಿ, ಆಮೇಲೆ ಸಂಖ್ಯೆಯನ್ನು ಹಿಡಿದಿಡಿ.

• ಬಿಡುವು: 3 ನಿಮಿಷ, ಸುಮಾರು 40 ವ್ಯಾಟ್. ಕಾಲು ನಿಲ್ಲಿಸಬೇಡಿ.

• ಹೀಗೆ ನಾಲ್ಕು ಸಲ. ಹೊಸಬರು ಎರಡೇ ಸುತ್ತಿನಿಂದ, ಅಥವಾ ಒಂದೆರಡು ನಿಮಿಷದ ಚಿಕ್ಕ ಸುತ್ತುಗಳಿಂದ ಶುರುಮಾಡಬಹುದು.

• ತಣಿಸಿಕೊಳ್ಳುವುದು: 5ರಿಂದ 10 ನಿಮಿಷ, 30–40 ವ್ಯಾಟ್.

ಕೊನೆಯ ಹಂತವನ್ನು ಅವಸರದಲ್ಲಿ ಬಿಟ್ಟುಬಿಡಬೇಡಿ. ಜೋರಾಗಿ ತುಳಿದು ಥಟ್ಟನೆ ನಿಂತರೆ ರಕ್ತ ಕಾಲುಗಳಲ್ಲೇ ತಂಗಿ, ಒತ್ತಡ ಕುಸಿದು ತಲೆ ಸುತ್ತಬಹುದು. ರಕ್ತದೊತ್ತಡದ ಮಾತ್ರೆ ಅಥವಾ ನೈಟ್ರೇಟ್ ತೆಗೆದುಕೊಳ್ಳುವವರಲ್ಲಿ ಈ ಸಾಧ್ಯತೆ ಹೆಚ್ಚು.

ಇಂಥ ಅಭ್ಯಾಸ ವಾರಕ್ಕೆ ಎರಡು, ಹೆಚ್ಚೆಂದರೆ ಮೂರು ದಿನ. ನಡುವೆ ಒಂದು ದಿನವಾದರೂ ಅಂತರವಿರಲಿ. ಉಳಿದ ದಿನ ನಡಿಗೆ ಸಾಕು. ಸತತ ಎರಡು ಮೂರು ಸಲ ನಾಲ್ಕೂ ಸುತ್ತು ಒಂದೇ ಹದದಲ್ಲಿ, ಹೆಚ್ಚು ಕಷ್ಟವಿಲ್ಲದೆ ಮುಗಿದರೆ 5 ವ್ಯಾಟ್ ಏರಿಸಬಹುದೇ ಎಂದು ಕೇಳಿ. ಒಮ್ಮೆಲೇ 20 ಬೇಡ.

ವ್ಯಾಟ್ ಮಿತಿ, ಉಸಿರು ಸಾಕ್ಷಿ

ವ್ಯಾಟ್ ಸಂಖ್ಯೆ ಕಾಲಿನ ಕೆಲಸವನ್ನು ಹೇಳುತ್ತದೆಯೇ ಹೊರತು ಆ ದಿನ ನಿಮ್ಮ ದೇಹಕ್ಕೆ ಅದು ಎಷ್ಟು ಭಾರ ಎಂಬುದನ್ನು ಹೇಳುವುದಿಲ್ಲ. ಅದಕ್ಕೆ ಸ್ವೀಡನ್ನಿನ ಮನೋವಿಜ್ಞಾನಿ ಗುನ್ನಾರ್ ಬೋರ್ಗ್ ರೂಪಿಸಿದ ಮಾಪಕವಿದೆ. ಅದು 6ರಿಂದ 20ರವರೆಗೆ. 6 ಎಂದರೆ ಸುಮ್ಮನೆ ಕೂತಂತೆ, 11 ಹಗುರ, 13 ಸ್ವಲ್ಪ ಕಷ್ಟ, 15 ಕಷ್ಟ, 17 ಬಹಳ ಕಷ್ಟ, 20 ಇನ್ನು ಸಾಧ್ಯವೇ ಇಲ್ಲ.

ಇಂಟರ್ವಲ್‌ನ ಜೋರು ಸುತ್ತಿಗೆ ಸಾಮಾನ್ಯವಾಗಿ 15ರ ಆಸುಪಾಸು ಗುರಿ. ಕೊನೆಯ ಸುತ್ತಿನ ಕೊನೆಗೆ 16–17. ಮಾತಿನ ಪರೀಕ್ಷೆ ಇನ್ನೂ ಸುಲಭ. ಸುತ್ತಿನ ಮೂರನೆಯ ನಿಮಿಷದಲ್ಲಿ ಮೂರು ನಾಲ್ಕು ಪದ ಹೇಳಿ ಉಸಿರು ತೆಗೆದುಕೊಳ್ಳುವಂತಿದ್ದರೆ ಹದ ಸರಿ. ಆರಾಮವಾಗಿ ಕಥೆ ಹೇಳುವಂತಿದ್ದರೆ ಕಡಿಮೆ. ಒಂದು ಪದವೂ ಹೊರಡದಿದ್ದರೆ ಹೆಚ್ಚು.

ಎರಡನ್ನೂ ಸೇರಿಸಿ ನೋಡಿ. ವ್ಯಾಟ್ ಗುರಿಯಲ್ಲಿದೆ, ಬೋರ್ಗ್ 15: ಮುಂದುವರಿಸಿ. ವ್ಯಾಟ್ ಗುರಿಯಲ್ಲಿದೆ, ಆದರೆ ಮೊದಲ ಸುತ್ತಿನಲ್ಲೇ ಬೋರ್ಗ್ 17: ಆ ದಿನ 10 ವ್ಯಾಟ್ ಇಳಿಸಿ ಅಥವಾ ಹಗುರವಾಗಿ ತುಳಿದು ಮನೆಗೆ ಹೋಗಿ. ಸಂಖ್ಯೆ ಮುಟ್ಟಲೇಬೇಕೆಂಬ ಹಟ ಬೇಡ. ವ್ಯಾಟ್ ಗುರಿಯಲ್ಲಿದೆ, ಬೋರ್ಗ್ 12: ಆ ದಿನವೇ ಏರಿಸದೆ ಬರೆದಿಟ್ಟುಕೊಳ್ಳಿ, ಮುಂದಿನ ಸಲ ವಿಚಾರಿಸಿ. ಅಂದರೆ ವ್ಯಾಟ್ ನಿಮ್ಮನ್ನು ಹೆಚ್ಚು ಹೋಗದಂತೆ ತಡೆಯುತ್ತದೆ. ಯಾವಾಗ ಇನ್ನೂ ಇಳಿಯಬೇಕು ಎಂಬುದನ್ನು ಉಸಿರು ಹೇಳುತ್ತದೆ.

ನಮ್ಮಲ್ಲಿ ಹೆಚ್ಚಾಗಿ ಮಾಡುವುದು ಟ್ರೆಡ್‌ಮಿಲ್ ಮೇಲಿನ ಟಿಎಂಟಿ ಪರೀಕ್ಷೆ. ಅದರ ವರದಿಯಲ್ಲಿ ಸೈಕಲ್ ವ್ಯಾಟ್ ಇರುವುದಿಲ್ಲ. ಆಗ ಮೊದಲ ಕೆಲವು ದಿನ ರಿಹ್ಯಾಬ್ ಕೇಂದ್ರದಲ್ಲೇ ಕಡಿಮೆ ವ್ಯಾಟ್‌ನಿಂದ ಶುರುಮಾಡಿ, ಬೋರ್ಗ್ ಮಾಪಕ ನೋಡುತ್ತಾ ನಿಮ್ಮ ಸಂಖ್ಯೆಯನ್ನು ಕಂಡುಕೊಳ್ಳಬೇಕಾಗುತ್ತದೆ.

ಸೈಕಲ್ ವಿಷಯದಲ್ಲಿ ಗಮನಿಸಬೇಕಾದವು

‘ಲೆವೆಲ್ 6’ ಮತ್ತು ‘60 ವ್ಯಾಟ್’ ಒಂದೇ ಅಲ್ಲ. ಲೆವೆಲ್ ಎಂದರೆ ಬಿಗಿ ಮಾತ್ರ. ಒಂದು ಕಂಪನಿಯ ಲೆವೆಲ್ 6 ಇನ್ನೊಂದರಲ್ಲಿ 9 ಇರಬಹುದು. ವ್ಯಾಟ್ ಸಂಖ್ಯೆಯೂ ಯಂತ್ರದಿಂದ ಯಂತ್ರಕ್ಕೆ ಸ್ವಲ್ಪ ಬದಲಾಗುತ್ತದೆ. ಸಾಧ್ಯವಾದಷ್ಟು ಒಂದೇ ಸೈಕಲ್ ಬಳಸಿ.

ಆಸ್ಪತ್ರೆಯ ಎರ್ಗೋಮೀಟರ್‌ಗಳಲ್ಲಿ 90 ಎಂದು ಹಾಕಿದರೆ, ನಿಧಾನ ತುಳಿದಾಗ ಬಿಗಿ ಹೆಚ್ಚಿಸಿ, ಬೇಗ ತುಳಿದಾಗ ಬಿಗಿ ತಗ್ಗಿಸಿ ಯಂತ್ರವೇ 90 ಉಳಿಸಿಕೊಳ್ಳುತ್ತದೆ. ಸಾಮಾನ್ಯ ಜಿಮ್ ಸೈಕಲ್‌ನಲ್ಲಿ ಬೇಗ ತುಳಿದರೆ ವ್ಯಾಟ್ ಏರುತ್ತದೆ, ನಿಧಾನಿಸಿದರೆ ಇಳಿಯುತ್ತದೆ. ಅಲ್ಲಿ ಹದ ಹಿಡಿಯುವ ಕೆಲಸ ನಿಮ್ಮದೇ. ನಿಮಿಷಕ್ಕೆ 60ರಿಂದ 80 ಸುತ್ತು ತುಳಿಯುವಂತೆ ಬಿಗಿಯನ್ನು ಹೊಂದಿಸಿಕೊಳ್ಳಿ. ಅತಿ ಬಿಗಿಯಿಟ್ಟು ನಿಧಾನ ತುಳಿದರೆ ಮಂಡಿಗೆ ಭಾರ. ಸಂಖ್ಯೆ 86, 93, 89 ಎಂದು ಕುಣಿಯುವುದು ಸಹಜ, ಅದರ ಹಿಂದೆ ಓಡಬೇಡಿ. ಹಿಡಿಕೆಯನ್ನು ಬಿಗಿಹಿಡಿದು ಉಸಿರು ಕಟ್ಟಿಕೊಳ್ಳಬೇಡಿ, ರಕ್ತದೊತ್ತಡ ಏರುತ್ತದೆ.

ರಸ್ತೆಯಲ್ಲಿ ಏರು, ಗಾಳಿ, ಸಿಗ್ನಲ್ ಎಲ್ಲವೂ ವ್ಯಾಟ್ ಕೆಡಿಸುತ್ತವೆ. ಪುಣೆಯಂಥ ಸೈಕಲ್ ಊರಿನಲ್ಲಿ ಹೊರಗೆ ಹೋಗುವ ಆಸೆ ಸಹಜವೇ. ಆದರೆ ಹೃದ್ರೋಗಿಗಳು ಜೋರು ಸುತ್ತುಗಳನ್ನು ಮೊದಲು ಒಳಗೇ ಕಲಿಯುವುದು ಕ್ಷೇಮ. ದೆಹಲಿಯ ಚಳಿಗಾಲದ ಕೆಟ್ಟ ಗಾಳಿಯಲ್ಲಂತೂ ಹೊರಗಿನ ಜೋರು ವ್ಯಾಯಾಮ ಬೇಡವೇ ಬೇಡ.

ಔಷಧಿ ತೆಗೆದುಕೊಳ್ಳುವವರಿಗೆ ನಾಲ್ಕು ಮಾತು

ಬೀಟಾ ಬ್ಲಾಕರ್: ‘ನಾಡಿಮಿಡಿತ ಏರುತ್ತಿಲ್ಲ’ ಎಂದು ವ್ಯಾಯಾಮದ ದಿನ ಮಾತ್ರೆ ಬಿಡಬೇಡಿ. ಥಟ್ಟನೆ ಬಿಟ್ಟರೆ ಎದೆನೋವು, ಹೃದಯಾಘಾತದ ಅಪಾಯವಿದೆ. ವ್ಯಾಯಾಮದ ಮಿತಿ ಗೊತ್ತುಮಾಡುವ ಪರೀಕ್ಷೆಯನ್ನೂ ವೈದ್ಯರು ಬೇರೆ ಹೇಳದಿದ್ದರೆ ದಿನದಂತೆ ಮಾತ್ರೆ ತೆಗೆದುಕೊಂಡೇ ಮಾಡಿಸಬೇಕು. ಡೋಸ್ ಬದಲಾದರೆ ಹಳೆಯ ನಾಡಿಮಿಡಿತದ ಮಿತಿ ಕೆಲಸಕ್ಕೆ ಬರುವುದಿಲ್ಲ. ಹೊಸದನ್ನು ಕೇಳಿ ಪಡೆಯಿರಿ.

ಸಕ್ಕರೆ ಕಾಯಿಲೆಯ ಔಷಧಿ: ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್‌ನಂಥ ಮಾತ್ರೆ ತೆಗೆದುಕೊಳ್ಳುವವರಲ್ಲಿ ವ್ಯಾಯಾಮದ ನಂತರ ಸಕ್ಕರೆ ಇಳಿಯಬಹುದು, ಕೆಲವು ಗಂಟೆಗಳ ನಂತರವೂ. ಬೀಟಾ ಬ್ಲಾಕರ್ ಜೊತೆಗಿದ್ದರೆ ಕೈನಡುಕ, ಎದೆಬಡಿತದಂಥ ಮುನ್ಸೂಚನೆಗಳು ಮಸುಕಾಗುತ್ತವೆ. ಬೆವರುವುದು ಮಾತ್ರ ಸಾಮಾನ್ಯವಾಗಿ ಉಳಿಯುತ್ತದೆ. ವ್ಯಾಯಾಮದಲ್ಲಿ ಬೆವರು ಹೇಗೂ ಇರುವುದರಿಂದ ಅದನ್ನು ನಂಬಿ ಕೂರುವಂತಿಲ್ಲ. ಮೊದಲು ಮತ್ತು ನಂತರ ಗ್ಲೂಕೋಮೀಟರ್‌ನಲ್ಲಿ ನೋಡಿ, ಗ್ಲೂಕೋಸ್ ಪುಡಿ ಹತ್ತಿರವಿರಲಿ.

ಮೂತ್ರ ಹೆಚ್ಚಿಸುವ ಮಾತ್ರೆ: ಫ್ಯೂರೊಸೆಮೈಡ್, ಟೊರ್ಸೆಮೈಡ್, ಹಾಗೆಯೇ ಡಪಾಗ್ಲಿಫ್ಲೋಜಿನ್ ತೆಗೆದುಕೊಳ್ಳುವವರಿಗೆ ಸೆಕೆಯಲ್ಲಿ ನೀರಿನಂಶ ಬೇಗ ತಗ್ಗುತ್ತದೆ. ಆದರೆ ಹೃದಯ ವೈಫಲ್ಯದವರಿಗೆ ದಿನದ ನೀರಿನ ಮಿತಿಯೂ ಇರಬಹುದು. ಎಷ್ಟು ಕುಡಿಯಬೇಕೆಂದು ವೈದ್ಯರನ್ನೇ ಕೇಳಿ. ಕೋಣೆಯಲ್ಲಿ ಫ್ಯಾನ್ ಇರಲಿ.

ಸ್ಟ್ಯಾಟಿನ್: ಹೊಸ ವ್ಯಾಯಾಮದಿಂದ ತೊಡೆ ನೋಯುವುದು ಎರಡು ಮೂರು ದಿನದಲ್ಲಿ ಕಡಿಮೆಯಾಗುತ್ತದೆ. ನೋವು ಹೆಚ್ಚುತ್ತಲೇ ಹೋದರೆ, ನಿಶ್ಶಕ್ತಿಯಿದ್ದರೆ, ಮೂತ್ರ ಕಡು ಕಂದು ಬಣ್ಣಕ್ಕೆ ತಿರುಗಿದರೆ ತಡಮಾಡದೆ ವೈದ್ಯರಿಗೆ ತಿಳಿಸಿ.

ಅಧ್ಯಯನಗಳು ಏನು ಹೇಳುತ್ತವೆ?

ನಾಲ್ಕು ನಿಮಿಷದ ನಾಲ್ಕು ಸುತ್ತಿನ ಪದ್ಧತಿ ಹೆಸರಾದದ್ದು ನಾರ್ವೆಯ ಟ್ರೋನ್ಹೈಮ್‌ನಿಂದ. ಉಲ್ರಿಕ್ ವಿಸ್ಲಾಫ್ ಮತ್ತು ಸಂಗಡಿಗರು 2007ರಲ್ಲಿ, ಹೃದಯಾಘಾತದ ನಂತರ ಹೃದಯ ವೈಫಲ್ಯವಾಗಿದ್ದ 27 ಮಂದಿಯ ಅಧ್ಯಯನ ಪ್ರಕಟಿಸಿದರು. ದೇಹ ಬಳಸಬಲ್ಲ ಗರಿಷ್ಠ ಆಮ್ಲಜನಕ ಇಂಟರ್ವಲ್ ಗುಂಪಿನಲ್ಲಿ ಶೇ. 46, ಸಾಧಾರಣ ವೇಗದ ವ್ಯಾಯಾಮದ ಗುಂಪಿನಲ್ಲಿ ಶೇ. 14 ಹೆಚ್ಚಿತು. ಇದು ಎಲ್ಲರ ಗಮನ ಸೆಳೆಯಿತು.

ಆದರೆ ಯುರೋಪಿನ ಹಲವು ಕೇಂದ್ರಗಳಲ್ಲಿ 261 ಹೃದಯ ವೈಫಲ್ಯ ರೋಗಿಗಳ ಮೇಲೆ ನಡೆದು 2017ರಲ್ಲಿ ಪ್ರಕಟವಾದ ಸ್ಮಾರ್ಟೆಕ್ಸ್ ಅಧ್ಯಯನದಲ್ಲಿ ಇಂಟರ್ವಲ್, ಸಾಧಾರಣ ವ್ಯಾಯಾಮಕ್ಕಿಂತ ಮೇಲು ಎಂದು ಕಾಣಲಿಲ್ಲ. ಅದರಲ್ಲಿ ನಮ್ಮ ವಿಷಯಕ್ಕೆ ಮುಖ್ಯವಾದ ಅಂಶವೊಂದಿದೆ. ಇಂಟರ್ವಲ್ ಗುಂಪಿನ ಅರ್ಧದಷ್ಟು ಜನ ಹೇಳಿದ ತೀವ್ರತೆಗಿಂತ ಕೆಳಗೇ ಇದ್ದರು. ಸಾಧಾರಣ ಗುಂಪಿನ ಶೇ. 80ರಷ್ಟು ಜನ ಹೇಳಿದ್ದಕ್ಕಿಂತ ಮೇಲಿದ್ದರು. ನುರಿತ ಸಿಬ್ಬಂದಿಯ ಕಣ್ಣೆದುರಿಗೇ ಹದ ತಪ್ಪುತ್ತದೆ ಎಂದ ಮೇಲೆ ಮನೆಯ ಜಿಮ್ಮಿನಲ್ಲಿ ತಪ್ಪುವುದು ಆಶ್ಚರ್ಯವಲ್ಲ.

ಸುರಕ್ಷತೆಯ ಬಗ್ಗೆ 2012ರಲ್ಲಿ ನಾರ್ವೆಯ ಮೂರು ರಿಹ್ಯಾಬ್ ಕೇಂದ್ರಗಳ 4,846 ರೋಗಿಗಳ ಮಾಹಿತಿ ಪ್ರಕಟವಾಯಿತು. ಸಾಧಾರಣ ವ್ಯಾಯಾಮದ 1,29,456 ಗಂಟೆಗಳಲ್ಲಿ ಒಂದು ಮಾರಣಾಂತಿಕ ಹೃದಯಸ್ತಂಭನ; ಇಂಟರ್ವಲ್‌ನ 46,364 ಗಂಟೆಗಳಲ್ಲಿ ಎರಡು ಹೃದಯಸ್ತಂಭನ, ಇಬ್ಬರೂ ಬದುಕುಳಿದರು. ಅಪಾಯ ಕಡಿಮೆ, ಆದರೆ ಶೂನ್ಯವಲ್ಲ. ಅವರು ಮೇಲ್ವಿಚಾರಣೆಯಲ್ಲಿದ್ದವರು ಎಂಬುದನ್ನೂ ಮರೆಯಬಾರದು.

ಹಾಗಾಗಿ ವೈದ್ಯರು ‘ನಿಮಗೆ ಇಂಟರ್ವಲ್ ಬೇಡ, ಬಿರುಸಾಗಿ ನಡೆಯಿರಿ ಸಾಕು’ ಎಂದರೆ ಏನೋ ಕಳೆದುಕೊಂಡೆ ಎಂದು ಬೇಸರಪಡಬೇಕಿಲ್ಲ.

ಮನೆಯವರು ಏನು ಮಾಡಬಹುದು?

‘ಇನ್ನೂ ಸ್ವಲ್ಪ, ಇನ್ನೂ ಸ್ವಲ್ಪ’ ಎಂದು ಹುರಿದುಂಬಿಸುವುದು ಬೇಡ. ‘ಅಯ್ಯೋ, ಸಾಕು ಬಿಡಿ’ ಎಂಬ ಭಯವೂ ಬೇಡ. ಪಕ್ಕದಲ್ಲಿ ಪುಸ್ತಕ, ಪೆನ್ನು ಹಿಡಿದು ಕೂತರೆ ದೊಡ್ಡ ಉಪಕಾರ. ಪ್ರತಿ ಸುತ್ತಿಗೆ ಮೂರು ಸಂಖ್ಯೆ ಬರೆಯಿರಿ: ಸರಾಸರಿ ವ್ಯಾಟ್, ಬೋರ್ಗ್, ಸುತ್ತಿನ ಕೊನೆಯ ನಾಡಿಮಿಡಿತ. ಮೊದಲ ಸುತ್ತಿನಲ್ಲಿ ಸಂಖ್ಯೆ ಗುರಿ ದಾಟಿದರೆ ‘ಅಪ್ಪಾ, ಸ್ವಲ್ಪ ನಿಧಾನ’ ಎನ್ನಿ. ನಾಲ್ಕು ವಾರದ ಹಾಳೆ ನೋಡಿದರೆ ಅದೇ 90 ವ್ಯಾಟ್‌ಗೆ ಬೋರ್ಗ್ 16ರಿಂದ 14ಕ್ಕೆ ಇಳಿದದ್ದು ಕಾಣಬಹುದು. ಪ್ರಗತಿ ಎಂದರೆ ಅದೇ. ಉಲ್ಟಾ, ಕಾರಣವಿಲ್ಲದೆ ಅದೇ ವ್ಯಾಟ್ ದಿನದಿಂದ ದಿನಕ್ಕೆ ಭಾರವಾಗುತ್ತಿದ್ದರೆ ಮುಂದಿನ ತಪಾಸಣೆಯವರೆಗೆ ಕಾಯದೆ ವೈದ್ಯರಿಗೆ ಹೇಳಿ.

ಎದೆಯಲ್ಲಿ ಬಿಗಿತ ಅಥವಾ ನೋವು, ದವಡೆ ಅಥವಾ ಎಡತೋಳಿಗೆ ಹರಡುವ ನೋವು, ತಲೆಸುತ್ತು, ಕಣ್ಣು ಕತ್ತಲೆ, ಲಯ ತಪ್ಪಿದ ಎದೆಬಡಿತ, ತಣ್ಣನೆಯ ಬೆವರು, ಬಿಡುವಿನಲ್ಲೂ ಇಳಿಯದ ಏದುಸಿರು ಕಂಡರೆ ಕೂಡಲೇ ನಿಲ್ಲಿಸಿ. ವೈದ್ಯರು ನಾಲಿಗೆಯ ಕೆಳಗಿಡುವ ಸಾರ್ಬಿಟ್ರೇಟ್ ಕೊಟ್ಟಿದ್ದರೆ ಕುಳ್ಳಿರಿಸಿ ಒಂದು ಮಾತ್ರೆ ಇಡಿ. ಐದು ನಿಮಿಷದಲ್ಲಿ ಎದೆನೋವು ಕಡಿಮೆಯಾಗದಿದ್ದರೆ, ಅಥವಾ ಹೆಚ್ಚಾದರೆ, 112ಕ್ಕೆ ಅಥವಾ ನಿಮ್ಮ ರಾಜ್ಯದಲ್ಲಿ ಇದ್ದರೆ 108ಕ್ಕೆ ಕರೆ ಮಾಡಿ. ಸ್ವಂತ ಗಾಡಿ ಓಡಿಸಿಕೊಂಡು ಹೋಗಲು ಬಿಡಬೇಡಿ.

ಮುಂದಿನ ಭೇಟಿಯಲ್ಲಿ ಕೇಳಬೇಕಾದ ಪ್ರಶ್ನೆಗಳು

• ನನ್ನ ಹೃದಯಕ್ಕೆ ಜೋರಿನ ಇಂಟರ್ವಲ್ ಸುರಕ್ಷಿತವೇ?

• ಮಾತ್ರೆ ತೆಗೆದುಕೊಂಡು ಮಾಡಿದ ಪರೀಕ್ಷೆಯಲ್ಲಿ ನನ್ನ ಗರಿಷ್ಠ ನಾಡಿಮಿಡಿತ ಎಷ್ಟು? ದಾಟಬಾರದ ಮಿತಿ ಎಷ್ಟು?

• ಸೈಕಲ್ ಮೇಲೆ ಎಷ್ಟು ವ್ಯಾಟ್‌ನಿಂದ ಶುರುಮಾಡಲಿ? ಬಿಡುವಿನಲ್ಲಿ ಎಷ್ಟು?

• ಮೊದಲ ಎಷ್ಟು ವಾರ ಕೇಂದ್ರದಲ್ಲೇ ಮಾಡಬೇಕು?

• ವ್ಯಾಟ್ ಯಾವಾಗ ಏರಿಸಬಹುದು, ಯಾವಾಗ ಇಳಿಸಬೇಕು?

ಉತ್ತರಗಳನ್ನು ಅದೇ ಚೀಟಿಯ ಹಿಂದೆ ಬರೆಸಿಕೊಳ್ಳಿ. ‘ಜೋರಾಗಿ’ ಎಂಬ ಪದದ ಪಕ್ಕದಲ್ಲಿ ನಿಮ್ಮದೇ ಒಂದು ಸಂಖ್ಯೆ ಇದ್ದರೆ, ನಾಲ್ಕನೆಯ ಸುತ್ತನ್ನೂ ಮೊದಲನೆಯದರಂತೆಯೇ ಮುಗಿಸಬಹುದು.

ಈ ಲೇಖನ ಸಾಮಾನ್ಯ ಮಾಹಿತಿಗಾಗಿ ಮಾತ್ರ. ನಿಮ್ಮ ವೈದ್ಯರ ಸಲಹೆಗೆ ಇದು ಬದಲಿಯಲ್ಲ.